ತಮ್ಮ ತಪ್ಪೊಪ್ಪಿಕೊಂಡ ದಿನ

ನನ್ನ ತಮ್ಮ ಆಂಧ್ರದ ಆದವಾನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಯದೆ ಕಾಫಿ ಮುಟ್ಟುವವನಲ್ಲ. ಫೋನಿನ ಗುಂಪೊಂದಕ್ಕೆ ಸೇರಿದ ಮೇಲೆ ಊಟದ ಹೊತ್ತಿನಲ್ಲೂ ಮುಸ್ಲಿಮರನ್ನು ಬೈಯುವ ವಿಡಿಯೊ ತೋರಿಸುತ್ತಿದ್ದ. ನಾನು ಬೇಡವೆನ್ನಲಿಲ್ಲ. ಕೆಲವನ್ನು ನೋಡಿ ನಕ್ಕದ್ದೂ ಉಂಟು.

ಒಂದು ಮಧ್ಯಾಹ್ನ ಆ ಗುಂಪಿನಲ್ಲಿ ತೆಲುಗಿನಲ್ಲಿ ಸುದ್ದಿ ಬಂತು: ಸಾಬರ ಆಟೊದವನೊಬ್ಬ ನಮ್ಮ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಿದ್ದಾನೆ. ತಮ್ಮನೂ ಇನ್ನೂ ಮೂವರೂ ಸ್ಟೇಷನ್ ರಸ್ತೆಯಲ್ಲಿ ಆಟೊ ನಿಲ್ಲಿಸಿ, ಆತನನ್ನು ಹೊರಗೆಳೆದು ಹೊಡೆದರು. ಹಿಂದಿನ ಸೀಟಿನಲ್ಲಿದ್ದದ್ದು ಆತನ ಸ್ವಂತ ಮಗಳು. ಆತನ ಎಡಗಿವಿ ಆಮೇಲೆ ಕೇಳಲೇ ಇಲ್ಲ.

ತಮ್ಮ ಜಾಮೀನಿನ ಮೇಲೆ ಬಂದ. ಹೊಡೆದವರನ್ನೂ ಏಟು ತಿಂದವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಕೆಲಸ ಮಾಡುತ್ತಿದ್ದ ಒಬ್ಬ ನಿವೃತ್ತ ಟೀಚರ್ ತಿಂಗಳುಗಟ್ಟಲೆ ಎರಡೂ ಮನೆಗೆ ಓಡಾಡಿದರು. ಉಳಿದ ಮೂವರು ಒಪ್ಪಲಿಲ್ಲ, ತಮ್ಮ ಒಪ್ಪಿದ. ಶಾಲೆಯೊಂದರ ಕೋಣೆಯಲ್ಲಿ ಕೂತೆವು: ಆಟೊದವನು, ಆತನ ಹೆಂಡತಿ, ತಮ್ಮ, ನಾನು, ಟೀಚರ್.

ತಮ್ಮ, ಬರೆದು ತಂದಿದ್ದ ಕ್ಷಮಾಪಣೆಯ ಚೀಟಿ ತೆಗೆದು ಓದತೊಡಗಿದ.

“ಅದನ್ನ ಮಡಚಿಡ್ರಿ,” ಎಂದಳು ಆಟೊದವನ ಹೆಂಡತಿ. “ನನ್ನ ಮಗಳು ಅಪ್ಪನ್ನ ಅಬ್ಬಾ ಅಬ್ಬಾ ಅಂತ ಕರದು ಒದರ್ತಿದ್ಲು. ನಿಮಗ ಕೇಳಿಸಲಿಲ್ಲೇನ್ರಿ?”

“ಕೇಳಿಸಿತ್ರಿ ಅಮ್ಮ,” ತಮ್ಮ ತಲೆ ತಗ್ಗಿಸಿದ. “ಕೇಳಿಸಿದ ಮ್ಯಾಲೂ ಹೊಡದೀನಿ. ತಪ್ಪಾತ್ರಿ.”

ಆಟೊದವನು ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

“ಸಾರ್, ಅವತ್ತು ನೀವು ಮೆಡಿಕಲ್ ಶಾಪ್ ಮೆಟ್ಟಲ ಮ್ಯಾಲೆ ನಿಂತಿದ್ರಿ. ನಾ ನೋಡೀನಿ.”

ನಿಂತಿದ್ದೆ. ಅಮ್ಮನ ಬಿ.ಪಿ. ಮಾತ್ರೆ ಕೈಯಲ್ಲಿತ್ತು. ಪೊಲೀಸರಿಗಿರಲಿ, ತಮ್ಮನಿಗೂ ಹೇಳಿರಲಿಲ್ಲ.

“ನಾ ದೂರ ಇದ್ದೆ,” ಎಂದೆ.

“ಹತ್ತು ಹೆಜ್ಜಿ,” ಎಂದ ಆತ.

ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. “ನಿಮಗ ಏನಾರ ಹೇಳೋದು ಐತೇನ್ರಿ?” ಎಂದು ಟೀಚರ್ ಕೇಳಿದರು. ಇಲ್ಲವೆಂದೆ.

ಕ್ಷಮಿಸಿದ್ದೇನೆ ಎಂದು ಆಟೊದವನು ಹೇಳಲಿಲ್ಲ. ಆ ಸುದ್ದಿ ಸುಳ್ಳೆಂದು ಆಟೊ ಸ್ಟ್ಯಾಂಡಿನಲ್ಲಿ ನಿಂತು ಹೇಳಬೇಕು ಎಂದಷ್ಟೇ ತಮ್ಮನನ್ನು ಕೇಳಿದ. ಮರುವಾರವೇ ತಮ್ಮ ಹೋಗಿ ಹೇಳಿದ. ಯಾರೋ ಅದರ ವಿಡಿಯೊ ಮಾಡಿ ಹಾಕಿದರು. ಗುಂಪಿನವರು ದ್ರೋಹಿ ಎಂದು ಅವನನ್ನು ಹೊರಹಾಕಿದರು. ಮಿಲ್ಲಿನಲ್ಲಿ ಈಗ ಒಬ್ಬನೇ ಊಟದ ಡಬ್ಬಿ ಬಿಚ್ಚುತ್ತಾನೆ. ಆ ಹುಡುಗಿ ಇಂದಿಗೂ ಆಟೊ ಹತ್ತುವುದಿಲ್ಲವಂತೆ. ತಾಯಿ ಶಾಲೆಗೆ ನಡೆಸಿಕೊಂಡು ಹೋಗುತ್ತಾಳೆ.

ನನ್ನಿಂದ ಮಾತ್ರ ಆತ ಏನನ್ನೂ ಕೇಳಲಿಲ್ಲ. ಕೇಳುವಷ್ಟು ಬೆಲೆಯನ್ನೂ ನನಗೆ ಕೊಡಲಿಲ್ಲ. ಎರಡು ಸಲ ಅವರ ಬೀದಿಯವರೆಗೆ ಹೋಗಿದ್ದೇನೆ. ಎರಡು ಸಲವೂ ಅವರ ಮನೆಯ ಬಾಗಿಲು ತೆರೆದೇ ಇತ್ತು. ನಾನು ತಿರುಗಿ ಬಂದೆ.