ಜಗಲಿಯ ಮೇಲಿನ ಜೋಡಿ ಗೂಡು

ಹೋದ ವಾರ ಊರಿಗೆ ಬಂದು ಅಡುಗೆಮನೆಯ ಅಟ್ಟ ಖಾಲಿ ಮಾಡುವಾಗ ಹಳೆಯ ಬಿದಿರಿನ ಚಂದ್ರಿಕೆಯೊಂದು ಸಿಕ್ಕಿತು. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ತಟ್ಟಿ ಅದು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಯಾರಿಗೂ ಬೇಡ. ಒಲೆಗಾದರೂ ಆಗಲಿ ಎಂದು ಕೆಳಗಿಳಿಸಿದರೆ ಅಂಚಿನ ಸಂದಿಯಲ್ಲಿ ಒಂದು ಗೂಡು. ಹೊಗೆ ಕುಡಿದು ಕಂದಿತ್ತು. ಮಾಮೂಲಿ ಗೂಡಿಗಿಂತ ದಪ್ಪ, ಮೈ ಒರಟು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಎರಡು ಒಣಗಿದ ಹುಳುಗಳ ಸದ್ದು... ನಮ್ಮ ಮೇಡಂ ನೆನಪಾದರು.

ಕೊಳ್ಳೇಗಾಲದ ಕಾಲೇಜಿನಲ್ಲಿ ಅವರು ನಮಗೆ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಅತಿಥಿ ಉಪನ್ಯಾಸಕಿ. ಯಳಂದೂರು ಕಡೆಯ ಹೊನ್ನೂರಿನಿಂದ ಬಸ್ಸಿಗೆ ಬರುತ್ತಿದ್ದರು. ನಾನು ಕೌದಳ್ಳಿ ಕಡೆಯಿಂದ ಬಂದು ಹನೂರಿನಲ್ಲಿ ಬಸ್ಸು ಬದಲಾಯಿಸುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮೇಡಂ ಮೊದಲು ಕನ್ನಡದಲ್ಲಿ ತಿಳಿಸಿ, ಆಮೇಲೆ ಇಂಗ್ಲಿಷ್ ಪದ ಬರೆಸುತ್ತಿದ್ದರು. ಕೀಟಗಳಲ್ಲಿ ಎರಡು ಜೀನು ಬೆಸೆದು ಒಂದಾಗುವುದು ಹೇಗೆ, ಹಾಗಾದ ಮೇಲೆ ಅದು ಏನು ಕೆಲಸ ಮಾಡುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಆ ಮಾತು ಬಂದರೆ ಅವರಿಗೆ ಬೆಲ್ ಹೊಡೆದದ್ದೂ ಕೇಳಿಸುತ್ತಿರಲಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ಮನೆಯ ಒಂದು ರೇಷ್ಮೆ ಬೆಳೆ ಕೆಟ್ಟಿತು. ಹುಳು ಹಣ್ಣಾದ ದಿನ ಮನೆಯವರು ಯಾರೂ ಹೊಸಿಲು ದಾಟುವುದಿಲ್ಲ, ಅದು ನಮ್ಮ ಕಡೆಯ ರೂಢಿ. ಆ ದಿನವೇ ಕಾಲೇಜಿನಲ್ಲಿ ಟೆಸ್ಟು. "ನೀನೋಗವ್ವ, ನಾನಿಲ್ವಾ?" ಅಂತ ಅವ್ವ ಕಳಿಸಿದಳು. ಬಾಡಿಗೆಗೆ ಹೇಳಿದ್ದ ಚಂದ್ರಿಕೆಗಳು ಬರಲಿಲ್ಲ. ಹಣ್ಣಾದ ಹುಳು ಕಾಯುವುದಿಲ್ಲ, ಬಿಟ್ಟರೆ ಇದ್ದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅವ್ವ, ಅಪ್ಪ ಇಬ್ಬರೇ ಸೇರಿ ಇದ್ದ ಚಂದ್ರಿಕೆಗಳ ಮೇಲೆಯೇ ಎಲ್ಲವನ್ನೂ ಒತ್ತಿ ಒತ್ತಿ ಬಿಟ್ಟರು. ಜಾಗ ಸಾಲದೆ ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟಿದವು. ಜೋಡಿ ಗೂಡಿನಲ್ಲಿ ಎರಡರ ಎಳೆಯೂ ಸಿಕ್ಕು, ಸಲೀಸಾಗಿ ನೂಲು ಬಿಚ್ಚಲಾಗದು. ಮಾರ್ಕೆಟ್ಟಿನಲ್ಲಿ ಅವನ್ನೆಲ್ಲ ಆರಿಸಿ ಪಕ್ಕಕ್ಕೆ ತಳ್ಳಿದರು.

"ಉಳ ಅಣ್ಣಾದ್ ದಿವ್ಸ ಕೈಗಾಗ್ದೋರು ಓದಿ ಏನ್ ಮಾಡಾದು? ಇನ್ ಸಾಕು ಕಣವ್ವ," ಅಂದ ಅಪ್ಪ. ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು...

ನಾನು ಕಾಲೇಜಿಗೆ ಬಾರದ್ದು ನೋಡಿ ಮೇಡಂ ಒಂದು ಭಾನುವಾರ ಮನೆಗೇ ಬಂದರು. ಮುಂದಿನ ಬೆಳೆಗೆ ರೋಗ ತಗುಲದಿರಲೆಂದು ಮನೆ ತೊಳೆದು ಬ್ಲೀಚಿಂಗ್ ಪುಡಿ ಹಾಕಿದ್ದೆವು. "ಒಳಕ್ ಬರ್ಬ್ಯಾಡಿ ಮೇಡಂ, ಉಳದ್ ಮನೆ," ಅಂದ ಅಪ್ಪ. ಅವರು ಬೇಜಾರಿಲ್ಲದೆ ಜಗಲಿಯ ಮೇಲೆ ಕೂತರು. ಅಪ್ಪ ಮಾರ್ಕೆಟ್ಟಿನಿಂದ ವಾಪಸು ತಂದು ಬಿಸಿಲಿಗೆ ಒಣಗಿಸಿದ್ದವುಗಳ ಮಂಕರಿಯಿಂದ ಒಂದು ಜೋಡಿ ಗೂಡು ತೆಗೆದು ಅವರ ಮುಂದಿಟ್ಟ. "ಇದೂ ಅದಾ ನಿಮ್ ಪಾಠ್ದಲ್ಲಿ?"

ಕುಟುಕಿದ ಮಾತು ಅದು. ಮೇಡಂ ಅದನ್ನು ನಿಜವಾದ ಪ್ರಶ್ನೆ ಅಂದುಕೊಂಡರು. ಪ್ರತಿ ಜೀವದ ಒಳಗೂ ಹೀಗೆ ಮಾಡು, ಹಾಗೆ ಮಾಡು ಅನ್ನುವ ಅಪ್ಪಣೆಗಳಿವೆ, ಒಂದೊಂದರ ಕೊನೆಗೂ ಇಲ್ಲಿಗೆ ನಿಲ್ಲಿಸು ಅನ್ನುವ ಗುರುತಿದೆ ಅಂದರು. ಕೆಲವು ಸಲ ಆ ಗುರುತು ಅಳಿಸಿ, ಅಕ್ಕಪಕ್ಕದ ಎರಡು ಸೇರಿ ಒಂದೇ ಆಗುತ್ತವೆ. ಹೆಚ್ಚಿನವು ಕೆಡುತ್ತವೆ. ಕೆಲವು ಉಳಿಯುತ್ತವೆ. ಹಣ್ಣಿನ ನೊಣದಲ್ಲಿ ಅಂಥದೊಂದಿದೆ. ಒಂದಾದ ಮೇಲೊಂದು ಆಗಬೇಕಾದ ಕೆಲಸಗಳನ್ನು ತಾನೊಂದೇ ಮಾಡುತ್ತದೆ, ಅದು ಕೆಟ್ಟರೆ ನೊಣದ ರೆಕ್ಕೆ ಮೋಟಾಗುತ್ತದೆ.

"ಎಷ್ಟೋ ಸಲ ಮೊದಲು ಜೀನಿನ ನಕಲಾಗುತ್ತೆ," ಅಂದರು. "ನಕಲು ಹೋಗಿ ಇನ್ನೊಂದಕ್ಕೆ ಬೆಸೆಯುತ್ತೆ. ಅಸಲು ತನ್ನ ಹಳೇ ಕೆಲಸ ಮಾಡ್ಕೊಂಡಿರುತ್ತೆ. ಹಂಗಾಗಿ ಹೊಸದು ಬಂದ್ರೂ ಹಳೇದು ಹೋಗಲ್ಲ."

ಓದಿದರೂ ಮನೆಯ ಕೆಲಸ ಬಿಡುವುದಿಲ್ಲ ಎಂದು ನನ್ನನ್ನೇ ಕುರಿತು ಹೇಳುತ್ತಿದ್ದಾರೆ ಅಂತ ಅಪ್ಪನಿಗೆ ಗೊತ್ತಾಯಿತು. ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಹೇಳಿದ:

"ನಮ್ಮನೇಲಿ ನಕ್ಲಿಲ್ಲ ಮೇಡಂ. ಇರೋಳು ಒಬ್ಳೇಯ."

ಮೇಡಂ ಗೂಡನ್ನು ಅಪ್ಪನ ಕಡೆಗೆ ಸರಿಸಿದರು. "ನಿಜ," ಅಂದರು. "ಹೋಲಿಕೆ ಇಲ್ಲಿಗೆ ಮುಗೀತು. ಪರೀಕ್ಷೆ ಯಾವತ್ತು ಅಂತ ನಾನು ಹೇಳ್ತೀನಿ. ಆ ದಿನಗಳಲ್ಲಿ ಹುಳ ಹಣ್ಣಾಗದ ಹಂಗೆ ಮೊಟ್ಟೆ ಯಾವಾಗ ತರಬೇಕು, ನೀವು ಹೇಳಿ."

ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಹುಳು ಪೊರೆ ಬಿಡಲು ಮೇವು ಬಿಟ್ಟು ಜ್ವರಕ್ಕೆ ಕೂರುವ ದಿನಗಳು, ಏಳುವ ದಿನಗಳು, ಹಿಪ್ಪುನೇರಳೆ ಸೊಪ್ಪು ಹಾಕುವ ದಿನಗಳು. "ತಡ ಮಾಡುದ್ರೆ ತ್ವಾಟ್ದ ಸೊಪ್ಪು ಬಲ್ತೋಯ್ತದೆ," ಅಂತ ಗೊಣಗಿದ. ಮೇಡಂ ಒತ್ತಾಯ ಮಾಡಲಿಲ್ಲ. ಅವ್ವ ಬಾಗಿಲ ಹಿಂದಿನಿಂದಲೇ, "ಬಲ್ತುದ್ನ ಅಸ ತಿಂತದೆ ಬುಡಿ," ಅಂದಳು. ಅಪ್ಪ ಆ ಗೂಡನ್ನು ಗೋಡೆಗೊರಗಿಸಿದ್ದ ಚಂದ್ರಿಕೆಯ ಸಂದಿಗೆ ಸಿಕ್ಕಿಸಿ, "ಪರೀಕ್ಸೆ ಮುಗಿಯಗಂಟ ಉಳ ತರಾಕಿಲ್ಲ," ಅಂದ. ಅಷ್ಟೇ.

ಆ ಸಲ ಹಸು ತೋಟದ ಸೊಪ್ಪು ತಿಂದಿತು. ನಾನು ಡಿಗ್ರಿ ಮುಗಿಸಿದೆ. ಈಗ ಹನೂರಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಮೇಡಂಗೆ ಮರುವರ್ಷ ಕಾಲೇಜಿನಿಂದ ಕರೆ ಬರಲಿಲ್ಲ. ಆಮೇಲೆ ಕಾಯಿಲೆ... ಪಿಎಚ್.ಡಿ. ಮುಗಿಯಲೇ ಇಲ್ಲ. ಅವರು ಹೋದದ್ದು ನನಗೆ ತಿಳಿದದ್ದು ಹೊನ್ನೂರಿನ ಕಡೆಯ ಸಹೋದ್ಯೋಗಿಯೊಬ್ಬರು ಮಾತಿನ ನಡುವೆ ಹೇಳಿದಾಗ, ಎಲ್ಲ ಮುಗಿದ ಎಷ್ಟೋ ದಿನದ ಮೇಲೆ. ಊರಿಗೆ ಬಂದರೂ ಮನೆಯಲ್ಲಿ ಹೇಳಿರಲಿಲ್ಲ.

ನನ್ನ ಕೈಯಲ್ಲಿ ಗೂಡು ನೋಡಿ ಅಪ್ಪ ಹತ್ತಿರ ಬಂದ. ಈಗ ಅವನ ಕಣ್ಣು ಮಂಜು. ಬೆರಳಾಡಿಸಿಯೇ ಗುರುತು ಹಿಡಿದ. "ಆ ಮೇಡಂ ಬಂದಿದ್ದಾಗಿಂದು. ಎಂಗವ್ರೆ ಅವ್ರು?"

"ಇಲ್ಲಪ್ಪ. ತೀರ್ಕೊಂಡ್ರು."

ಅವನು ಗೂಡನ್ನು ನನ್ನ ಕೈಯಿಂದ ತೆಗೆದುಕೊಂಡ. ಆಮೇಲೆ ಅದನ್ನು ಮತ್ತೆ ಅದೇ ಸಂದಿಗೆ ಸಿಕ್ಕಿಸಿದ.

"ಅವ್ರುದೂ ನಕ್ಲಿರ್ನಿಲ್ಲ ಕಣವ್ವ," ಅಂದ.

ಒಲೆಗೆಂದು ಇಳಿಸಿದ್ದ ಚಂದ್ರಿಕೆಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಅಟ್ಟಕ್ಕೆ ಏರಿಸಿದೆವು.