ಜೂಲಿಯ ಏಳು ಮರಿಗಳು

ನಮ್ಮ ನಾಯಿ ಜೂಲಿಯ ಏಳು ಮರಿಗಳು ಸತ್ತದ್ದು ರತ್ನಳಿಂದಲ್ಲ, ನನ್ನಿಂದ. ಮಕ್ಕಳೇ, ನಿಮ್ಮ ತಾತನ ತಂಗಿ ರತ್ನಳನ್ನು ನೀವು ನೋಡಿದ್ದೇ ಕಡಿಮೆ. ಆದರೂ ಮನೆಯಲ್ಲಿ ಯಾರಾದರೂ ಏನನ್ನಾದರೂ ಹಾಳುಮಾಡಿದರೆ ‘ರತ್ನನ ಕೈ’ ಎಂದು ನಗುತ್ತೀರಿ — ನಿಮ್ಮ ಅಪ್ಪನಿಂದ ಕಲಿತ ಮಾತು. ಅದು ಹುಟ್ಟಿದ್ದು ನನ್ನ ಸುಳ್ಳಿನಿಂದ.

ಆಗ ಕೆ.ಆರ್. ಪುರದಲ್ಲಿ ನಮ್ಮ ತೋಟ ಇನ್ನೂ ಇತ್ತು. ಒಂದು ತುಂಡು ರಾಗಿ ಹೊಲ, ನಾಲ್ಕು ನುಗ್ಗೆ ಮರ, ಎರಡು ಹಸು, ಹಿಂದೆ ನಾಯಿಗಳ ಶೆಡ್ಡು. ತಾತ ಲ್ಯಾಬ್ರಡಾರ್ ಮರಿ ಮಾಡಿಸುತ್ತಿದ್ದರು. ಗಂಡನ ಮನೆ ಬಿಟ್ಟು ಬಂದಿದ್ದ ರತ್ನಳಿಗೆ ಆ ನಾಯಿಗಳೇ ಸಂಸಾರ. ಹಗಲು ಇಂದಿರಾನಗರದ ಅಂಗಡಿಯೊಂದರಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಕೆಲಸ. ಸಂಜೆ ನಮ್ಮ ಶೆಡ್ಡು. ಮರಿಗಳಿಗೆ ಮೊದಲ ಚುಚ್ಚುಮದ್ದು ಆಗುವತನಕ ಹೊರಗಿನಿಂದ ಬಂದವರು ಬಟ್ಟೆ ಬದಲಾಯಿಸಿ, ಬಾಗಿಲ ಬಳಿಯ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು — ಇದು ತಾತನ ಕಟ್ಟಳೆ.

ಮರಿಗಳಿಗೆ ಐದು ವಾರ ತುಂಬಿತ್ತು. ಜೂಲಿಗೆ ಸಾರು ಮಾಡಲೆಂದು ಕುರಿ ಮೂಳೆ ತರಲು ಶಿವಾಜಿನಗರಕ್ಕೆ ಹೋದೆ. ಗಲ್ಲಿಯಲ್ಲಿ ಒಬ್ಬ ಬುಟ್ಟಿಯಲ್ಲಿ ನಾಯಿಮರಿ ಇಟ್ಟುಕೊಂಡು ಕೂತಿದ್ದ. ಒಂದು ಕಪ್ಪು ಮರಿ ತಲೆ ಎತ್ತಲಾರದೆ ಮಲಗಿತ್ತು.

“ಎತ್ಕೊಳಮ್ಮ, ಕಚ್ಚಲ್ಲ. ನನ್ ಹೆಂಡ್ತಿಗಿಂತ ಸಾಧು,” ಎಂದ.

ಎತ್ತಿಕೊಂಡೆ. ಅದು ಸೆರಗಿನ ಮೇಲೆ ಭೇದಿ ಮಾಡಿತು. ಅಲ್ಲೇ ನಲ್ಲಿಯಲ್ಲಿ ತೊಳೆದುಕೊಂಡೆ. ಮನೆಗೆ ಬಂದು ಚಪ್ಪಲಿ ಬಿಟ್ಟೆ, ಕೈಕಾಲಿಗೆ ನೀರು ಹಾಕಿಕೊಂಡೆ. ಇಷ್ಟು ಮಾಡಿದರೆ ದೇವರ ಮನೆಗೇ ಹೋಗಬಹುದು, ನಾಯಿ ಮನೆಗೆ ಇನ್ನೇನು — ಹಾಗಂದುಕೊಂಡು ಅದೇ ಸೀರೆಯಲ್ಲಿ ಒಳಗೆ ಹೋಗಿ ಮರಿಗಳನ್ನು ಮಡಿಲಿಗೆ ಹಾಕಿಕೊಂಡೆ.

ವಾರದೊಳಗೆ ಮರಿಗಳಿಗೆ ರಕ್ತಭೇದಿ ಶುರುವಾಯಿತು, ಒಂದೊಂದಾಗಿ ಸತ್ತವು. ಏಳನೆಯ ಮರಿ ರತ್ನಳ ತೊಡೆಯ ಮೇಲೇ ಹೋಯಿತು. “ಯಾರೋ ಈ ರೋಗಾನ ಹೊರಗಿಂದ ತಂದಿದ್ದಾರೆ,” ಎಂದರು ಡಾಕ್ಟರು. ನನಗೆ ಆ ಕ್ಷಣವೇ ಗೊತ್ತಾಯಿತು. ಆ ಕಪ್ಪು ಮರಿ, ಆ ಸೆರಗು —

ತಾತ ರತ್ನಳ ಕಡೆ ತಿರುಗಿದರು. “ಊರ್ ನಾಯಿನೆಲ್ಲಾ ತೊಳ್ದು ಹಂಗೇ ಒಳಗ್ ನುಗ್ಗಿದ್ಯಾ?”

“ಇಲ್ಲಣ್ಣ! ದಿನಾ ಸೀರೆ ಬದ್ಲಾಯಿಸ್ಕೊಂಡೇ ಹೋಗಿದ್ದೀನಿ. ಬೇಕಾದ್ರೆ ಅತ್ತಿಗೇನ ಕೇಳು.”

ಅವಳು ಸೀರೆ ಬದಲಾಯಿಸುವುದನ್ನು, ಕಾಲದ್ದುವುದನ್ನು ನಾನು ದಿನವೂ ನೋಡಿದ್ದೆ.

“ನಾನು ಗಮನಿಸಿಲ್ಲ ರೀ,” ಎಂದೆ.

ರತ್ನ ನನ್ನ ಮುಖ ನೋಡಿದಳು. ಮರುದಿನವೇ ಬೈಯಪ್ಪನಹಳ್ಳಿಯಲ್ಲಿ ಒಂದು ರೂಮು ಹಿಡಿದು ಹೊರಟುಹೋದಳು.

ಮತ್ತೆ ಬಂದದ್ದು ತಾತ ತೀರಿಕೊಂಡ ದಿನ. ಆಗ ನಾಯಿಗಳೂ ಇರಲಿಲ್ಲ, ಶೆಡ್ಡೂ ಇರಲಿಲ್ಲ. ಆದರೂ ಗೇಟಿನಲ್ಲೇ ನಿಂತು, “ಬರ್ಬೋದಾ ಅತ್ತಿಗೆ? ಕಾಲ್ ತೊಳ್ಕೊಂಡಿದ್ದೀನಿ,” ಎಂದಳು. ನೆಂಟರೆಲ್ಲ ಸೇರಿದ್ದರು. ಅಲ್ಲೇ ಹೇಳಬಹುದಿತ್ತು, ಅವರೆಲ್ಲರ ಮುಂದೆ — “ಬಾ” ಎಂದೆ, ಅಷ್ಟೇ.

ಹೋದ ತಿಂಗಳು ಅದೇ ರೂಮಿನಲ್ಲಿ ರತ್ನ ತೀರಿಕೊಂಡಳು. ಇನ್ನು ನನ್ನ ಯಾವ ಮಾತೂ ಅವಳಿಗೆ ತಲುಪುವುದಿಲ್ಲ.

ಗಂಡನಿಗೆ ಹೆದರಿದ್ದೆ ಎಂದು ಮೇಲೆ ಒಂದು ಸಾಲು ಬರೆದಿದ್ದೆ, ಹೊಡೆದುಹಾಕಿದೆ. ಅವರು ನನಗೆ ಒಂದು ದಿನವೂ ಗದರಿದವರಲ್ಲ. ಬೈದು ಸುಮ್ಮನಾಗುತ್ತಿದ್ದರೇನೋ. ಆ ಒಂದು ಬೈಗುಳವೂ ಬೇಡವೆಂದು ಅವಳ ಮನೆ ಬಿಡಿಸಿದೆ.

ಇದನ್ನು ನಾನು ಸತ್ತ ಮೇಲೆ ಓದಬೇಡಿ. ಯುಗಾದಿಗೆ ಎಲ್ಲರೂ ಸೇರಿದಾಗ, ನಿಮ್ಮ ಅಪ್ಪನ ಎದುರಿಗೆ ಗಟ್ಟಿಯಾಗಿ ಓದಿ. ನಾನು ಅಲ್ಲೇ ಕೂತಿರುತ್ತೇನೆ. ಅಡುಗೆಮನೆಗೆ ಎದ್ದು ಹೋಗುವುದಿಲ್ಲ.