ಪೇಟದ ಯಜಮಾನರ ತಟ್ಟೆ

ಮಳವಳ್ಳಿಯ ನಮ್ಮ ಮನೆಗೆ ಈಚೆಗೆ ದಿನಾ ಮಧ್ಯಾಹ್ನ ಒಬ್ಬರು ನೆಂಟರು ಬರುತ್ತಾರೆ. ಬಿಳಿ ಪೇಟದ ಯಜಮಾನರಂತೆ. ನಡುಮನೆಯ ಕುರ್ಚಿಯಲ್ಲಿ ಕೂರುತ್ತಾರೆ, ಮಾತಿಲ್ಲ ಕತೆಯಿಲ್ಲ. ಅವರು ಕಾಣುವುದು ನನ್ನ ಗಂಡನಿಗೆ ಮಾತ್ರ.

ಇವರಿಗೆ ಪಾರ್ಕಿನ್ಸನ್ ಕಾಯಿಲೆ. ಮೊದಲು ಕೈ ನಡುಗಿತು, ಆಮೇಲೆ ನಡಿಗೆ ನಿಧಾನವಾಯಿತು. ಈಗ ಮರೆವಿನ ಜೊತೆಗೆ ಇಲ್ಲದವರೂ ಕಾಣತೊಡಗಿದ್ದಾರೆ. ಮಂಡ್ಯದ ಡಾಕ್ಟರು ಸಮಾಧಾನವಾಗಿ ವಿವರಿಸಿದರು: ಇದು ಬರೀ ಕಣ್ಣಿನ ದೋಷವಲ್ಲ. ಕಣ್ಣು ಕಳಿಸಿದ ಅರೆಬರೆ ಸುದ್ದಿಗೆ ಮಿದುಳು ಕೈಕಾಲು ಸೇರಿಸುತ್ತದೆ. ಎಲ್ಲರ ಮಿದುಳೂ ಹಾಗೆಯೇ; ನಮ್ಮದು ಮರುಕ್ಷಣ ತಿದ್ದಿಕೊಳ್ಳುತ್ತದೆ, ಅಷ್ಟೆ. ನಾನು ಒಪ್ಪಿದೆ. ಕನ್ನಡಕವಿಲ್ಲದೆ ಹಿತ್ತಲಿಗೆ ಹೋಗಿ, ಒಣಹಾಕಿದ್ದ ಸೀರೆಯನ್ನು ಪಕ್ಕದ ಮನೆಯ ನೂರ್‌ಜಾನ್ ಎಂದುಕೊಂಡು ಓರಗಿತ್ತಿಯ ಮೇಲೆ ಅರ್ಧ ಚಾಡಿ ಹೇಳಿ ಮುಗಿಸಿದವಳು ನಾನು. ಸೀರೆ ಯಾರಿಗೂ ಹೇಳಲಿಲ್ಲ, ಅದೊಂದು ಪುಣ್ಯ.

ನೆಂಟರು ಸುಮ್ಮನೆ ಕೂತರೆ ನನಗೇನು ಕಷ್ಟ? ಕಷ್ಟವಿದ್ದದ್ದು ಊಟದಲ್ಲಿ. ನಮ್ಮ ಕಡೆ ಬಂದವರಿಗೆ ಬಡಿಸದೆ ಮನೆಯವರು ಮುದ್ದೆ ಮುರಿಯುವುದಿಲ್ಲ. ಇವರು ತಟ್ಟೆ ದೂಡಿ, "ಅವ್ರು ಅಸ್ಕೊಂಡು ಕುಂತವ್ರೆ, ನಾನೆಂಗಮ್ಮಿ ಉಣ್ಲಿ?" ಎನ್ನುತ್ತಿದ್ದರು. "ಯಾರೂ ಇಲ್ಲ ಕಣ್ರೀ" ಎಂದರೆ ಸಿಟ್ಟು. ಅಂಗಿ ದಿನೇ ದಿನೇ ಸಡಿಲವಾಗುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

ಕುರ್ಚಿಯ ಬೆನ್ನಿಗೆ ಹಾಕಿದ ಬಿಳಿ ಟವಲ್ಲೇ ಪೇಟವಾಗಿರಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ತೆಗೆದು, ದೀಪವನ್ನೂ ಹಾಕಿದೆ. ಯಜಮಾನರು ಹೊರಟೇಹೋದರು! ಗೆದ್ದೆ ಅಂದುಕೊಂಡೆ. "ಉಣ್ದೆ ಎದ್ದೋದ್ರಲ್ಲಮ್ಮಿ, ನಮ್ಮನೆ ಮರ್ಯಾದೆ ಏನಾಯ್ತು?" ಎಂದು ಇವರು ಅವತ್ತು ಒಂದು ತುತ್ತೂ ಮುಟ್ಟಲಿಲ್ಲ.

ಮರುದಿನ ಟವಲ್ಲು ಕುರ್ಚಿಗೆ ವಾಪಸು. ಯಜಮಾನರಿಗೂ ಒಂದು ತಟ್ಟೆ, ಮುದ್ದೆ, ಬಸ್ಸಾರು. "ನಾಚ್ಕೊಬ್ಯಾಡಿ, ಉಣ್ಣಿ" ಎಂದು ಉಪಚಾರ ಬೇರೆ. ಇವರು ನೆಮ್ಮದಿಯಾಗಿ ಉಂಡರು. ಆಮೇಲೆ ಅಡುಗೆಮನೆಯಲ್ಲಿ ಕೂತು ಯಜಮಾನರ ಆರಿದ ಮುದ್ದೆಯನ್ನು ನಾನು ಉಂಡೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ನನ್ನ ಹಳೆಯ ರೂಢಿ.

ಮೊನ್ನೆಯೂ ಹಾಗೇ ಬಡಿಸುತ್ತಿದ್ದೆ. ಇವರು ನನ್ನನ್ನೇ ನೋಡಿ, "ಯಾರ್ಗಮ್ಮಿ ಬಡುಸ್ತಿದ್ದೀಯ?" ಎಂದರು.

"ಯಜಮಾನ್ರಿಗೆ..." ಎಂದೆ, ಸೌಟು ಹಿಡಿದುಕೊಂಡೇ.

"ಅಲ್ಲಿ ಯಾರೂ ಇಲ್ವಲ್ಲ! ನಿಂಗೇನಾರ ಕಣ್ಣು ಮಂಜಾಯ್ತಾ? ಬಾ, ನೀನೇ ಕುಂತ್ಕೊ, ಬಿಸೀದು ಉಣ್ಣು."

ಕೂತೆ. ಮದುವೆಯಾದ ಮೇಲೆ ಇವರ ಎದುರು ಕೂತು ಬಿಸಿ ಮುದ್ದೆ ಉಂಡದ್ದು ಅದೇ ಮೊದಲು. ಈ ಮನೆಯಲ್ಲಿ ನಿಜವಾಗಿ ಇರುವವಳೂ ಅಂತೂ ಇವರ ಕಣ್ಣಿಗೆ ಬಿದ್ದಳು. ಯಜಮಾನರು ನಾಳೆ ಬಂದರೂ ಬರಲಿ, ಬೇಸರವಿಲ್ಲ. ಇನ್ನು ಮೇಲೆ ಮೂರು ತಟ್ಟೆ ಇಡುತ್ತೇನೆ.